ಕುಕಡಿ ನದಿಯ ಒರಳುಗಳು

ಕೇಳುಗರೇ, ನಮಸ್ಕಾರ.

ವಿಜಯಪುರದ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದವನು ನಾನು. ಇಲ್ಲಿಯ ಕಪ್ಪು ಬಂಡೆಗಳನ್ನು ದಿನಾ ನೋಡುತ್ತಿದ್ದರೂ ಅವು ಎಲ್ಲಿಂದ ಬಂದವು ಅಂತ ಯೋಚಿಸಿದ್ದೇ ಇಲ್ಲ. ಕಳೆದ ಜನವರಿಯಲ್ಲಿ ಕ್ಯಾಂಪರ್ ವ್ಯಾನ್ ಬಾಡಿಗೆಗೆ ತೆಗೆದುಕೊಂಡು ಅವ್ವ, ಹೆಂಡತಿ, ಮಗಳ ಜೊತೆ ಕುಕಡಿ ನದಿಯ ದಂಡೆಯ ಊರಾದ ನಿಘೋಜ್‌ಗೆ ಹೊರಟೆ. ಒಳಗೇ ಹಾಸಿಗೆ, ಗ್ಯಾಸ್ ಒಲೆ, ನೀರಿನ ಟ್ಯಾಂಕ್. ಅವ್ವನಿಗೆ ಮೊಣಕಾಲು ನೋವು. ಬೇಕೆಂದಾಗ ಕಾಲು ಚಾಚಿ ಮಲಗಬಹುದಲ್ಲ, ಅದಕ್ಕೇ ವ್ಯಾನ್.

ಪುಣೆಯಿಂದ ಅಹಮದ್ ನಗರದ (ಈಗ ಅಹಿಲ್ಯಾನಗರ) ಕಡೆ ಹೋಗುವ 'ನಗರ ರಸ್ತೆ'ಯಲ್ಲಿ ಮೊದಲು ಸಿಗುವುದು ವಾಘೋಲಿ. ನಾವೆಲ್ಲ ಟ್ರಾಫಿಕ್ಕಿಗೆ ಬೈದುಕೊಂಡು ದಾಟುವ ಊರು. ಆದರೆ ಅಲ್ಲಿಯ ಕಲ್ಲಿನ ಕ್ವಾರಿಗಳಲ್ಲಿ ಕವಾನ್ಸೈಟ್ ಎಂಬ ಕಡುನೀಲಿ ಹರಳು ಸಿಕ್ಕಿದೆ. ಇಲ್ಲಿಯ ಕಪ್ಪು ಬಂಡೆಯೆಲ್ಲ ನೆಲದೊಳಗಿಂದ ಉಕ್ಕಿ ಹರಿದು ಆರಿದ ಲಾವಾ. ಅದು ಆರುವಾಗ ಒಳಗಿನ ಗಾಳಿಗುಳ್ಳೆಗಳು ಪೊಳ್ಳಾಗಿ ಉಳಿದವು. ಆಮೇಲೆ ನೀರು ಇಳಿದು ಆ ಪೊಳ್ಳುಗಳಲ್ಲಿ ಹರಳು ಕಟ್ಟಿತು. ಹೊರದೇಶದ ಹರಳು ಸಂಗ್ರಹಕಾರರಿಗೆ ವಾಘೋಲಿ ಗೊತ್ತು. ನಮಗೇ ಗೊತ್ತಿಲ್ಲ, ಅಲ್ವಾ?

ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಬೆಂಕಿ ಉಗುಳುವ ಒಂಟಿ ಬೆಟ್ಟದಿಂದಲ್ಲ, ನೆಲವೇ ಬಿರುಕು ಬಿಟ್ಟು, ಪದರದ ಮೇಲೆ ಪದರವಾಗಿ. ಈಗಲೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿದೆ. ಘಾಟಿನ ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಈ ಪದರಗಳಿಂದಲೇ.

ಶಿರೂರು ದಾಟಿ ನಿಘೋಜ್ ಮುಟ್ಟಿದಾಗ ಸಂಜೆ. ಮಳಗಂಗಾ ದೇವಿಯ ಗುಡಿಯವರನ್ನು ಕೇಳಿಕೊಂಡು ಬಯಲಲ್ಲಿ ವ್ಯಾನ್ ನಿಲ್ಲಿಸಿದೆವು. ಕುಕಡಿ ನದಿಯ ಪಾತ್ರ ಪೂರ್ತಿ ಕರಿಕಲ್ಲು, ಅದರ ತುಂಬ ಕುಳಿಗಳು. ಕೆಲವು ಬಟ್ಟಲಿನಷ್ಟು, ಕೆಲವು ಬಾವಿಯಷ್ಟು. ಮಗಳು ಒಂದು ಒಣ ಕುಳಿಯೊಳಗೆ ಟಾರ್ಚ್ ಬಿಟ್ಟಳು. ಗೋಡೆ ನಮ್ಮ ಊರ ಮನೆಯ ಒರಳಿನ ಒಳಮೈಯಂತೆ ನುಣುಪು. ತಳದಲ್ಲಿ ಮೊಟ್ಟೆಯಂಥ ದುಂಡನೆಯ ನಾಲ್ಕಾರು ಕಲ್ಲು. ಅವೇ ಗುಂಡುಕಲ್ಲುಗಳು! ಮಳೆಗಾಲದಲ್ಲಿ ಸುಳಿ ಅವನ್ನು ಗರಗರ ತಿರುಗಿಸುತ್ತದೆ. ಕುಳಿ ಆಳವಾಗುತ್ತದೆ, ಕಲ್ಲು ಸವೆಯುತ್ತದೆ, ಹೊಳೆ ಬೇರೆ ಕಲ್ಲು ತಂದು ಹಾಕುತ್ತದೆ. ನಾನು ತುಂಬಾ ಹೊತ್ತು ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ನೀವು ಹೋದರೆ ಮಕ್ಕಳ ಕೈ ಬಿಡಬೇಡಿ. ಅಂಚು ಜಾರುತ್ತದೆ, ನೀರು ತುಂಬಿದ ಕುಳಿಯ ಆಳ ಕಾಣುವುದಿಲ್ಲ. ಮಳೆಗಾಲದಲ್ಲಂತೂ ಇಳಿಯಲೇಬೇಡಿ.

ರಾತ್ರಿ ವ್ಯಾನಿನ ನೀರಿನ ಪಂಪ್ ಕೈಕೊಟ್ಟಿತು. ಕೊಡದಲ್ಲಿ ನೀರು ತಂದು ಅಡುಗೆ ಮಾಡಿದೆವು.

ಬೆಳಗ್ಗೆ ನೋಡಿದರೆ ಅವ್ವ ಹಾಸಿಗೆಯಲ್ಲಿಲ್ಲ. ಪಕ್ಕದ ಹೊಲದ ಬದುವಿನ ಮೇಲೆ ನಿಂತು ಹೆಂಟೆಯೊಂದನ್ನು ಪುಡಿ ಮಾಡುತ್ತಿದ್ದಳು. "ಇದು ನಮ್ಮ ಎರಿ ಮಣ್ಣ ಐತಲ್ಲೋ!" ಅಂದಳು.

ಹೌದು, ಅದೇ ಮಣ್ಣು. ಆ ಲಾವಾ ಹಾಸು ನಮ್ಮ ವಿಜಯಪುರ, ಕಲಬುರಗಿ, ಬೀದರಿನವರೆಗೂ ಬಂದಿದೆ. ಕಲ್ಲು ಸವೆದು ಸವೆದು ಎರೆಮಣ್ಣಾಯಿತು. ಗೋಳಗುಮ್ಮಟ ಕಟ್ಟಿದ್ದೂ ಇದೇ ಕರಿಕಲ್ಲಿನಿಂದ. ಇಷ್ಟು ವರ್ಷ ನಾನು ಊರು ಬಿಟ್ಟು ಬಂದೆ ಅಂದುಕೊಂಡಿದ್ದೆ.

ಹೊಲದಲ್ಲಿ ಹಿಂಗಾರಿ ಜೋಳ ತೆನೆ ತುಂಬಿ ನಿಂತಿತ್ತು. ಅಷ್ಟರಲ್ಲಿ ಹೊಲದವರು ಬಂದರು. ಅವ್ವ ಜ್ವಾಳ ಅಂದಳು, ಅವರು ಜ್ವಾರಿ ಅಂದರು. ಎಕರೆಗೆ ಎಷ್ಟು ಚೀಲ ಅಂತ ಅವ್ವ ಬೆರಳು ಮಡಚಿ ಕೇಳಿದಳು. ನಾವು ಹೊರಟದ್ದು ಅದಾಗಿ ಒಂದು ಗಂಟೆಯ ಮೇಲೆ.