ಎಲ್ಲರಿಗಿಂತ ಹಿಂದೆ ಬರುವವರ ಲೆಕ್ಕ

ಎಲ್ಲರಿಗೂ ನಮಸ್ಕಾರ.

‘ಐದು ಕಿಲೋಮೀಟರ್ ತಾನೇ, ಅದೇನು ಮಹಾ’ ಅನ್ನುವ ಮಾತು ಕ್ಯಾನ್ಸರ್ ಸಹಾಯಾರ್ಥ ನಡಿಗೆಗೆ ಹೆಸರು ಕೊಟ್ಟವರಲ್ಲಿ ಸಾಮಾನ್ಯ. ಆರೋಗ್ಯವಾಗಿರುವವರಿಗೆ ಅದು ಒಂದು, ಒಂದೂಕಾಲು ಗಂಟೆಯ ದಾರಿ. ಆದರೆ ಪಕ್ಕದಲ್ಲೇ ಹೆಜ್ಜೆ ಹಾಕುತ್ತಿರುವವರು ಹೋದ ತಿಂಗಳಷ್ಟೇ ಕೀಮೋ ಮುಗಿಸಿರಬಹುದು. ಅವರಿಗೆ ಎರಡು ಗಂಟೆಯೂ ಸಾಲದು. ವ್ಯವಸ್ಥೆಯ ಲೆಕ್ಕವೆಲ್ಲ ಅವರಿಂದ ಶುರುವಾಗಬೇಕು.

ಕೆನಡಾದ ಟೆರ್ರಿ ಫಾಕ್ಸ್ ಮೂಳೆ ಕ್ಯಾನ್ಸರಿಗೆ ಒಂದು ಕಾಲು ಕಳೆದುಕೊಂಡವರು. 1980ರಲ್ಲಿ ಕೃತಕ ಕಾಲಿನ ಮೇಲೆ 143 ದಿನ, 5,373 ಕಿ.ಮೀ. ಓಡಿದರು. ಕಾಯಿಲೆ ಶ್ವಾಸಕೋಶಕ್ಕೆ ಹರಡಿದ್ದರಿಂದ ಅಲ್ಲಿಗೇ ನಿಲ್ಲಿಸಬೇಕಾಯಿತು. 1981ರಿಂದ ಅವರ ಹೆಸರಿನಲ್ಲಿ ನಡೆಯುವ ಓಟದಲ್ಲಿ ಸ್ಪರ್ಧೆಯೇ ಇಲ್ಲ. ನಡೆಯಿರಿ, ಓಡಿ, ಗಾಲಿಕುರ್ಚಿಯಲ್ಲಿ ಬನ್ನಿ. ನಮ್ಮ ನಡಿಗೆಗೂ ಅದೇ ಸರಿಯಾದ ಮಾದರಿ.

ಮೊದಲು ಪಾದದ ವಿಚಾರ. ಆ ದಿನಕ್ಕೆಂದು ಕೊಂಡ ಹೊಸ ಶೂ ಬೇಡ. ಎರಡು ವಾರ ಮೊದಲೇ ಕಾಲಿಗೆ ಹಾಕಿ, ದಿನ ಬಿಟ್ಟು ದಿನ ಅರ್ಧ ಗಂಟೆ ನಡೆದು ಪಳಗಿಸಿ. ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಒದ್ದೆ ಚರ್ಮ ಹಿಮ್ಮಡಿಯಲ್ಲಿ ಉಜ್ಜಿ ಬೊಕ್ಕೆ ಏಳುತ್ತದೆ. ನಮಗಾದರೆ ಉರಿ ಗೊತ್ತಾಗಿ ನಿಲ್ಲುತ್ತೇವೆ. ಪ್ಯಾಕ್ಲಿಟ್ಯಾಕ್ಸೆಲ್‌ನಂಥ ಕೀಮೋ ಔಷಧಿ ಪಡೆದವರಲ್ಲಿ ಕೆಲವರಿಗೆ ಪಾದದ ನರಗಳು ಜೋಮು ಹಿಡಿದಿರುತ್ತವೆ, ಬೊಕ್ಕೆ ಒಡೆದರೂ ತಿಳಿಯುವುದಿಲ್ಲ. ಅವರು ಅರ್ಧ ದಾರಿಯಲ್ಲಿ ಕೂತು, ಶೂ ಬಿಚ್ಚಿ, ಕಣ್ಣಾರೆ ನೋಡಿಕೊಳ್ಳಬೇಕು. ಅದಕ್ಕೆ ಅಲ್ಲೊಂದು ಬೆಂಚು ಬೇಕು, ಬ್ಯಾಂಡೇಜು ಇಟ್ಟುಕೊಂಡ ಒಬ್ಬರು ಬೇಕು.

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆಸಿಕೊಂಡವರಿಗೆ ಆ ಬದಿಯ ಕೈ ಬಾತುಕೊಳ್ಳುವ ಅಪಾಯವಿದೆ. ದ್ರವ ಹರಿದುಹೋಗುವ ದಾರಿ ಕಡಿಮೆಯಾಗಿರುತ್ತದೆ. ಬಿಸಿಲು, ಜೋತುಬಿದ್ದ ಕೈ, ಹೆಗಲಿನ ಬ್ಯಾಗಿನ ಪಟ್ಟಿ ಮೂರೂ ಸೇರಿದರೆ ಬೆರಳಿನ ಉಂಗುರ ಬಿಗಿಯುತ್ತದೆ. ಉಂಗುರ, ಬಳೆ, ವಾಚು ಮನೆಯಲ್ಲೇ ಇರಲಿ. ವೈದ್ಯರು ಹೇಳಿದ್ದರೆ ಕಂಪ್ರೆಷನ್ ಸ್ಲೀವ್, ಅಂದರೆ ಬಾವು ತಡೆಯುವ ಬಿಗಿ ತೋಳುಚೀಲ, ಹಾಕಿಕೊಳ್ಳಿ. ಹತ್ತು ನಿಮಿಷಕ್ಕೊಮ್ಮೆ ಕೈಯನ್ನು ತಲೆಯ ಮಟ್ಟಕ್ಕೆ ಎತ್ತಿ, ಹತ್ತು ಹದಿನೈದು ಸಲ ಮುಷ್ಟಿ ಬಿಗಿದು ಬಿಡಿ. ಬ್ಯಾಗನ್ನು ಜೊತೆಗಿದ್ದವರು ಹೊತ್ತರಾಯಿತು.

ಕೀಮೋ ನಡೆಯುತ್ತಿರುವವರು ವೈದ್ಯರನ್ನು ಕೇಳದೆ ಗುಂಪಿಗೆ ಬರಬಾರದು. ಸಾಮಾನ್ಯವಾಗಿ ಔಷಧಿ ಕೊಟ್ಟ ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಿಳಿ ರಕ್ತಕಣಗಳು ತೀರ ಇಳಿದಿರುತ್ತವೆ. ಆಮೇಲೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮಾತ್ರೆ ನುಂಗಿ ಮಲಗುವ ಹಾಗಿಲ್ಲ, ನೇರ ಆಸ್ಪತ್ರೆಗೆ. ಇನ್ನು ನೆಗಡಿ, ಕೆಮ್ಮು ಇರುವ ಉತ್ಸಾಹಿಗಳು ದೇಣಿಗೆ ಕಳಿಸಿ ಮನೆಯಲ್ಲಿದ್ದರೆ ಅದೇ ದೊಡ್ಡ ಉಪಕಾರ. ಘಾಟು ಸೆಂಟೂ ಬೇಡ, ಕೆಲವರಿಗೆ ಅದೊಂದೇ ಸಾಕು ವಾಕರಿಕೆ ಬರಲು.

ಹೆಚ್ಚಿನ ಕಡೆ ಎಡವುವುದು ನೀರಿನಲ್ಲಿ. ಐನೂರು ಜನ, ಮೂರು ನೀರಿನ ಕೇಂದ್ರ, ಒಂದೊಂದರಲ್ಲೂ ಒಬ್ಬರಿಗೆ 200 ಮಿ.ಲೀ. ಅಂದರೆ 300 ಲೀಟರ್. ಲೆಕ್ಕ ಸರಿಯಾಗಿಯೇ ಇದೆ. ಆದರೂ ಕೊನೆಯ ಐವತ್ತು ಜನ ಬರುವ ಹೊತ್ತಿಗೆ ಕ್ಯಾನು ಬರಿದು. ಮುಂದೆ ಹೋದವರು ಒಂದು ಲೋಟ ಕುಡಿದು, ಇನ್ನೊಂದನ್ನು ತಲೆಗೆ ಸುರಿದುಕೊಂಡಿರುತ್ತಾರೆ! ಆದ್ದರಿಂದ 375 ಲೀಟರ್ ತರಿಸಿ, ಹೆಚ್ಚಿನ 75 ಲೀಟರನ್ನು ಮೂರೂ ಕಡೆ ಹಂಚಿ, ಮೇಜಿನ ಕೆಳಗೆ ಬಟ್ಟೆ ಮುಚ್ಚಿ ಇಡಿ. ಅರ್ಧಕ್ಕರ್ಧ ಜನ ದಾಟುವವರೆಗೆ ಅದನ್ನು ಮುಟ್ಟಬೇಡಿ. ಒಂದೇ ಮೇಜಿದ್ದರೆ ಎಲ್ಲರೂ ಅಲ್ಲೇ ಮುಗಿಬೀಳುತ್ತಾರೆ; ಹತ್ತು ಹೆಜ್ಜೆ ಅಂತರದಲ್ಲಿ ಮೂರು ನಾಲ್ಕು ಸಾಲಾಗಿ ಹಾಕಿ, ‘ಮುಂದೆಯೂ ನೀರಿದೆ’ ಎಂದು ಕೂಗಲು ಒಬ್ಬರನ್ನು ನಿಲ್ಲಿಸಿ. ಐಸು ಹಾಕದ ನೀರೂ ಇರಲಿ: ಆಕ್ಸಾಲಿಪ್ಲಾಟಿನ್ ಎಂಬ ಕೀಮೋ ಔಷಧಿ ಪಡೆದವರಲ್ಲಿ ಹಲವರಿಗೆ ತಣ್ಣೀರು ಗಂಟಲಲ್ಲಿ ಸೂಜಿ ಚುಚ್ಚಿದ ಹಾಗಾಗುತ್ತದೆ.

ಮಾತಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಯಾವ ಸ್ಟೇಜು?’ ಎಂದು ಕೇಳಬೇಡಿ. ಫೋಟೋ ತೆಗೆಯುವ ಮುನ್ನ ಒಪ್ಪಿಗೆ ಕೇಳಿ. ಎಷ್ಟೋ ಜನ ಕಾಯಿಲೆಯ ವಿಷಯವನ್ನು ಕೆಲಸದ ಕಡೆ ಹೇಳಿರುವುದಿಲ್ಲ.

ಹಣದ ವಿಚಾರದಲ್ಲಿ ಸಂಕೋಚ ಬೇಡ. ಪ್ರವೇಶ ಶುಲ್ಕದ ಬಹುಪಾಲು ಟೀ ಶರ್ಟು, ಶಾಮಿಯಾನಕ್ಕೇ ಕರಗಿಹೋಗಬಹುದು. ಅದಕ್ಕೆ ಒಂದು ರಸೀದಿ, ದೇಣಿಗೆಗೆ ಬೇರೆಯೇ ರಸೀದಿ ಇರಲಿ. ಹಣ ಸಂಶೋಧನೆಗೋ, ರೋಗಿಗಳ ಔಷಧಿಗೋ, ತಪಾಸಣಾ ಶಿಬಿರಕ್ಕೋ ಎಂದು ಕೊಡುವ ಮೊದಲೇ ಕೇಳಿ. ಡಬ್ಬಿಗೆ ಸೀಲ್ ಹಾಕಿರಬೇಕು. ಇಬ್ಬರ ಎದುರು ತೆರೆದು, ಎಣಿಸಿ, ಇಬ್ಬರೂ ಸಹಿ ಮಾಡಬೇಕು.

ಎಲ್ಲರಿಗಿಂತ ಹಿಂದೆ ಇಬ್ಬರು ಸ್ವಯಂಸೇವಕರು ಬರಬೇಕು. ಕೊನೆಯವರಿಗಿಂತ ಹದಿನೈದಿಪ್ಪತ್ತು ಹೆಜ್ಜೆ ಹಿಂದೆಯೇ ಇರಲಿ. ಬೆನ್ನಿಗೆ ಅಂಟಿಕೊಂಡು ಬಂದರೆ ಕುರಿ ಅಟ್ಟಿದ ಹಾಗೆ ಆಗುತ್ತದೆ. ಅವರು ಗೆರೆ ದಾಟಿದೆವು ಎಂದು ಫೋನ್ ಮಾಡುವವರೆಗೆ ಕಮಾನು ಇಳಿಸಬಾರದು, ಮೈಕು ಆರಿಸಬಾರದು. ಗೆರೆ ದಾಟಿದ ಕೂಡಲೇ ಗಕ್ಕನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತುತ್ತದೆ. ಅದಕ್ಕೇ ಮುಂದೆ ಐವತ್ತು ಹೆಜ್ಜೆ ನಿಧಾನವಾಗಿ ನಡೆಯಲು ಜಾಗ ಬಿಟ್ಟು, ಆಮೇಲೆ ಕೈಹಿಡಿ ಇರುವ ಕುರ್ಚಿಗಳನ್ನು ಹಾಕಿ. ಸಾಮಾನು ತುಂಬುವವರು ಮೊದಲು ಕೈ ಹಾಕುವುದು ಈ ಕುರ್ಚಿಗಳಿಗೇ. ಅವು ಕೊನೆಯಲ್ಲಿ ಗಾಡಿ ಹತ್ತಲಿ.