ನೀಲಿ ಕೋಟಿನ ಬರ್ನಾರ್ಡೊ

ಕೇಳುಗರೆಲ್ಲರಿಗೂ ನಮಸ್ಕಾರ.

ರಜಕ್ಕೆ ಚಿತ್ರದುರ್ಗಕ್ಕೆ ಬಂದಿದ್ದ ನನ್ನ ತಂಗಿಯ ಮಗ ಬೆಳಿಗ್ಗೆ ಕೋಟೆ ಹತ್ತಿ ಇಳಿದು ಬಂದವನೇ ಮಧ್ಯಾಹ್ನ ಕಂಪ್ಯೂಟರಿನ ಮುಂದೆ ಕೂತ. ಆಡುತ್ತಿದ್ದದ್ದು ಅಸ್ಯಾಸಿನ್ಸ್ ಕ್ರೀಡ್ 2. 2009ರಲ್ಲಿ ಬಂದ ಗೇಮ್, ಕತೆ 15ನೇ ಶತಮಾನದ ಇಟಲಿಯದು. ನಾಯಕ ಎಟ್ಸಿಯೊ, ಸ್ಯಾನ್ ಜಿಮಿನ್ಯಾನೊ ಎಂಬ ಗೋಪುರಗಳ ಊರಿನಲ್ಲಿ ಒಬ್ಬನನ್ನು ಬೆನ್ನಟ್ಟಿ ಕೊಂದ.

"ಯಾರೋ ಅವನು?" ಅಂದೆ.

"ಚಿಕ್ಕ ವಿಲನ್, ಬಿಡು ಮಾಮ. ದೊಡ್ಡೋರು ಮುಂದೆ ಬರ್ತಾರೆ."

ಬಿಡಲು ನನಗೆ ಮನಸ್ಸಾಗಲಿಲ್ಲ. ಪರದೆಯ ಮೇಲೆ ಸತ್ತವನು ಬರ್ನಾರ್ಡೊ ಬರೊಂಚೆಲ್ಲಿ, ನಿಜವಾಗಿಯೂ ಬದುಕಿ ಬಾಳಿದ್ದವನು. ಫ್ಲಾರೆನ್ಸ್‌ನಲ್ಲಿ ಮೆಡಿಚಿ ಮನೆತನದ ಆಳ್ವಿಕೆ ಮುರಿಯಬೇಕೆಂದು ಪಾಟ್ಸಿ ಮನೆತನದವರು ಪಿತೂರಿ ಹೂಡಿದ್ದರು. 1478ರ ಏಪ್ರಿಲ್ 26, ಭಾನುವಾರ. ದೊಡ್ಡ ಚರ್ಚಿನಲ್ಲಿ ಪೂಜೆ ನಡೆಯುತ್ತಿರುವಾಗಲೇ ಜೂಲಿಯಾನೊ ಮೆಡಿಚಿಯ ಮೇಲೆ ಕತ್ತಿ ಎತ್ತಿದವರಲ್ಲಿ ಈ ಬರ್ನಾರ್ಡೊ ಒಬ್ಬ. ಜೂಲಿಯಾನೊ ಅಲ್ಲೇ ಸತ್ತ. ಅಣ್ಣ ಲೊರೆಂಟ್ಸೊ ಕುತ್ತಿಗೆಗೆ ಗಾಯವಾದರೂ ಉಳಿದುಕೊಂಡ. ಉಳಿದ ಪಿತೂರಿಗಾರರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ಇವನು ತಪ್ಪಿಸಿಕೊಂಡು ತುರ್ಕರ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ವರೆಗೂ ಓಡಿದ. ಅಲ್ಲಿಯೂ ನೆಲೆ ಸಿಗಲಿಲ್ಲ, ಸುಲ್ತಾನ ಎರಡನೇ ಮೆಹಮದ್ ಹಿಡಿದು ವಾಪಸ್ ಒಪ್ಪಿಸಿಬಿಟ್ಟ. 1479ರ ಡಿಸೆಂಬರ್ ಕೊನೆಗೆ ಅದೇ ಫ್ಲಾರೆನ್ಸ್‌ನಲ್ಲಿ ಗಲ್ಲಾಯಿತು. ಮೈಮೇಲಿದ್ದದ್ದು ತುರ್ಕಿ ಉಡುಪು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಸಂಗತಿ. ನೇತಾಡುತ್ತಿದ್ದ ಆ ಹೆಣವನ್ನು 27 ವರ್ಷದ ಲಿಯೊನಾರ್ಡೊ ಡ ವಿಂಚಿ ನೋಡಿ ಚಿತ್ರ ಬರೆದ. ಕೈಗಳನ್ನು ಹಿಂದಕ್ಕೆ ಕಟ್ಟಿದ್ದಾರೆ, ತಲೆ ವಾಲಿದೆ. ಆ ತಲೆಯನ್ನೇ ಕೆಳಗೆ ಮತ್ತೊಮ್ಮೆ ಬರೆದಿದ್ದಾನೆ. ಪಕ್ಕದಲ್ಲಿ ಬಟ್ಟೆಯ ವಿವರ: ಕಂದು ಬಣ್ಣದ ಪುಟ್ಟ ಟೋಪಿ, ಕರಿ ಸ್ಯಾಟಿನ್ ಅಂಗಿ, ನರಿಯ ತುಪ್ಪಳದ ಒಳಪದರವಿರುವ ನೀಲಿ ಕೋಟು, ಕೊರಳಪಟ್ಟಿಗೆ ಕೆಂಪು ಕಪ್ಪು ಚುಕ್ಕೆಯ ಮಖಮಲ್ಲು. ಆ ಹಾಳೆ ಈಗ ಫ್ರಾನ್ಸಿನ ಬಯೋನ್ ಊರಿನ ಮ್ಯೂಸಿಯಮ್ಮಿನದು.

ಅದೇ ಗೇಮಿನಲ್ಲಿ ಲಿಯೊನಾರ್ಡೊ ಎಟ್ಸಿಯೊನ ಗೆಳೆಯ! ಬರ್ನಾರ್ಡೊ ಮಾಡಿದ್ದು ಕೊಲೆ, ಅದನ್ನು ನಾನು ಒಪ್ಪುವವನಲ್ಲ. ಆದರೂ ಆ ದೂರದ ಓಟ, ಆ ನೇಣು, ಆ ಕೋಟು ಎಲ್ಲವನ್ನೂ ಕಿತ್ತುಕೊಂಡು ಒಂದು ಚೂರಿ ಏಟಿಗೆ ಮುಗಿಸಿದ್ದಾರಲ್ಲ, ಅದು ನನಗೆ ಸಂಕಟ ತಂದಿತು.

ಹುಡುಗನಿಗೆ ಆ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದ. ಮರುದಿನ ಬೆಳಿಗ್ಗೆ, "ಮಾಮ, ಓಬವ್ವನ ಕಿಂಡಿಗೆ ಇನ್ನೊಂದ್ಸಲ ಹೋಗೋಣ" ಅಂದ. ಹೋದೆವು. ಕಿಂಡಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಳಗೆ ಇಣುಕಿದ. ಒನಕೆಯ ಮಾತೇ ಎತ್ತಲಿಲ್ಲ. "ಇಲ್ಲಿಂದ ಮೊದಲು ತಲೆ ಹಾಕಿದ ಹೈದರಾಲಿ ಸಿಪಾಯಿ ಯಾವ ಬಣ್ಣದ ರುಮಾಲು ಸುತ್ತಿದ್ದ ಮಾಮ?" ಎಂದು ಕೇಳಿದ.