ಒಕ್ಲಹೋಮ ಕಾದ ಆರು ವರ್ಷ

ನಮಸ್ಕಾರ ಕೇಳುಗರೇ.

2021ರ ಡಿಸೆಂಬರ್ 2. ಅಮೆರಿಕದ ಮೆಂಫಿಸ್‌ನಲ್ಲಿ ಎನ್‌ಬಿಎ ಬಾಸ್ಕೆಟ್‌ಬಾಲ್ ಪಂದ್ಯ. ಸ್ಕೋರು 152–79. ಅಂದರೆ 73 ಅಂಕಗಳ ಸೋಲು. ಎನ್‌ಬಿಎ ಇತಿಹಾಸದಲ್ಲಿ ಅಲ್ಲಿಯವರೆಗೆ ಇಷ್ಟು ಹೀನಾಯವಾಗಿ ಯಾರೂ ಸೋತಿರಲಿಲ್ಲ. ಸೋತದ್ದು ಒಕ್ಲಹೋಮ ಸಿಟಿ ಥಂಡರ್.

ಇಂಥ ಸೋಲಿನ ನಂತರ ಸಾಮಾನ್ಯವಾಗಿ ಏನಾಗುತ್ತದೆ? ಕೋಚ್ ತಲೆದಂಡ. ಇಲ್ಲಾ ಯಾರನ್ನೋ ಕೊಟ್ಟು ಇನ್ಯಾರನ್ನೋ ತರುವ ಗಡಿಬಿಡಿ. ಇಲ್ಲಿ ಎರಡೂ ಆಗಲಿಲ್ಲ. ಕೋಚ್ ಮಾರ್ಕ್ ಡೇಗ್ನಾಲ್ಟ್ ಉಳಿದರು, ಹುಡುಗರು ಆಡುತ್ತಲೇ ಇದ್ದರು. ಆ ಸೀಸನ್‌ನ 82 ಪಂದ್ಯಗಳಲ್ಲಿ ಗೆದ್ದದ್ದು ಬರೀ 24. ಆಗಲೂ ಟಿಕೆಟ್ ಕೊಂಡು ಬಂದು ಕೂತ ಅಭಿಮಾನಿಗಳ ಬಗ್ಗೆ ನನಗೆ ತುಂಬಾ ಗೌರವ.

ಕಾದರು ಅಂದರೆ ಸುಮ್ನೆ ಕೈಕಟ್ಟಿ ಕೂತರು ಅಂತಲ್ಲ. 2019ರ ಜುಲೈನಲ್ಲಿ ತಂಡದ ಮುಖ್ಯಸ್ಥ ಸ್ಯಾಮ್ ಪ್ರೆಸ್ಟಿ ದೊಡ್ಡ ವ್ಯವಹಾರವನ್ನೇ ಮಾಡಿದ್ದರು. ತಮ್ಮ ಸ್ಟಾರ್ ಆಟಗಾರ ಪಾಲ್ ಜಾರ್ಜ್ ಅವರನ್ನು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಕೊಟ್ಟರು. ಬದಲಿಗೆ, ಇನ್ನೂ 21 ತುಂಬದ ಶೇ ಗಿಲ್ಜಸ್-ಅಲೆಕ್ಸಾಂಡರ್ ಬಂದರು. ಜೊತೆಗೆ ಐದು ಮೊದಲ ಸುತ್ತಿನ ಡ್ರಾಫ್ಟ್ ಪಿಕ್‌ಗಳು, ಅಂದರೆ ಮುಂದಿನ ವರ್ಷಗಳಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿಗಳು.

ಕ್ಲಿಪ್ಪರ್ಸ್‌ಗೆ ತಕ್ಷಣ ಕಪ್ ಬೇಕಿತ್ತು. ಇನ್ನೊಬ್ಬ ಸ್ಟಾರ್ ಕವಾಯ್ ಲೆನಾರ್ಡ್ ಜೊತೆ ಜಾರ್ಜ್ ಸೇರಿದರೆ ಗೆದ್ದ ಹಾಗೇ ಅನ್ನುವ ಲೆಕ್ಕ. ಆದರೆ ಇಬ್ಬರನ್ನೂ ಗಾಯಗಳು ಬಿಡಲಿಲ್ಲ. ಇಬ್ಬರೂ ಇದ್ದಷ್ಟು ಕಾಲ ತಂಡ ಒಮ್ಮೆಯೂ ಫೈನಲ್ ಮುಟ್ಟಲಿಲ್ಲ. 2024ರಲ್ಲಿ ಜಾರ್ಜ್ ಫಿಲಡೆಲ್ಫಿಯಾಕ್ಕೆ ಹೋದಾಗ ಕ್ಲಿಪ್ಪರ್ಸ್‌ಗೆ ಬದಲಿಗೆ ಏನೂ ಸಿಗಲಿಲ್ಲ.

ಅವರು ಕೊಟ್ಟಿದ್ದ ಪಿಕ್‌ಗಳಲ್ಲಿ ಒಂದರಿಂದ 2022ರಲ್ಲಿ 12ನೆಯವರಾಗಿ ಥಂಡರ್ ಸೇರಿದವರು ಜೇಲೆನ್ ವಿಲಿಯಮ್ಸ್. 2025ರ ಫೈನಲ್ಸ್‌ನ ಐದನೇ ಪಂದ್ಯದಲ್ಲಿ ಅವರು 40 ಅಂಕ ಗಳಿಸಿದರು. ಅದೂ ಚೆಂಡು ಎಸೆಯುವ ಬಲಗೈ ಮಣಿಕಟ್ಟಿನ ಲಿಗಮೆಂಟ್ ಹರಿದಿದ್ದಾಗ! ಅದೇ ಡ್ರಾಫ್ಟ್‌ನಲ್ಲಿ ಎರಡನೆಯವರಾಗಿ ಬಂದ ಚೆಟ್ ಹೋಮ್‌ಗ್ರೆನ್ ಪಾದದ ಗಾಯದಿಂದ ಇಡೀ ಮೊದಲ ಸೀಸನ್ ಹೊರಗಿದ್ದರು. ಅವರಿಗಾಗಿಯೂ ತಂಡ ಕಾಯಿತು.

ಹಾಗಂತ ಟ್ರೇಡ್, ಅಂದರೆ ಆಟಗಾರರ ಅದಲುಬದಲು, ಮಾಡಲೇಬಾರದು ಅನ್ನುತ್ತಿಲ್ಲ. ಟೊರಾಂಟೊ 2018ರಲ್ಲಿ ಕವಾಯ್ ಅವರನ್ನು ತಂದು ಮರುವರ್ಷವೇ ಕಪ್ ಎತ್ತಿತು. ಆದರೆ ಅದು ಹಿಂದಿನ ಸೀಸನ್‌ನಲ್ಲೇ 59 ಪಂದ್ಯ ಗೆದ್ದಿದ್ದ ತಂಡ. ಬುಡ ಗಟ್ಟಿ ಇತ್ತು. ಬುಡವೇ ಇಲ್ಲದವರು ಪಿಕ್‌ಗಳನ್ನೆಲ್ಲ ಸುರಿದು ಹೆಸರಾಂತ ಆಟಗಾರರನ್ನು ತಂದರೆ, ಅವರಿಗೆ ವಯಸ್ಸಾದ ಮೇಲೆ ತಂಡದಲ್ಲಿ ಉಳಿಯುವುದೇನು? ಇನ್ನು ಒಳ್ಳೆ ಪಿಕ್ ಸಿಗಲಿ ಅಂತ ಬರೀ ಸೋಲುತ್ತಾ ಕೂರುವುದನ್ನೂ ತಾಳ್ಮೆ ಅನ್ನಲಾರೆ. ಫಿಲಡೆಲ್ಫಿಯಾ 2015–16ರಲ್ಲಿ ಕೇವಲ 10 ಪಂದ್ಯ ಗೆದ್ದಿತು. ಆ ಹಾದಿ ಅವರಿಗೆ ಈವರೆಗೆ ಕಪ್ ತಂದಿಲ್ಲ.

ಪ್ರೆಸ್ಟಿ ನನಗೆ ಇಷ್ಟವಾಗುವುದು 2024ರ ಬೇಸಿಗೆಗೆ. ಹುಡುಗರು ಬಲಿತಿದ್ದಾರೆ ಅನ್ನಿಸಿದ ಮೇಲೆ, ತಾವೇ ಆರಿಸಿದ್ದ ಯುವಕ ಜಾಶ್ ಗಿಡ್ಡಿಯನ್ನು ಶಿಕಾಗೋಗೆ ಕೊಟ್ಟು 30 ವರ್ಷದ ಅಲೆಕ್ಸ್ ಕರೂಸೊ ಅವರನ್ನು ತಂದರು. ಅಂಕಕ್ಕಿಂತ ಜಾಸ್ತಿ ತಡೆಯುವುದಕ್ಕೆ ಹೆಸರಾದವರು ಅವರು. ಮರುವರ್ಷ ಡೆನ್ವರ್ ವಿರುದ್ಧ ಏಳನೇ, ನಿರ್ಣಾಯಕ ಪಂದ್ಯ. ಸುಮಾರು ಏಳಡಿ ಎತ್ತರದ ನಿಕೊಲಾ ಯೋಕಿಚ್‌ಗೆ ಆರೂವರೆ ಅಡಿಯೂ ಇಲ್ಲದ ಕರೂಸೊ ಅಂಟಿಕೊಂಡು ನಿಂತರು. ತಳ್ಳಿದರೂ ಕದಲಲಿಲ್ಲ, ಪಾಸ್ ಬರುವ ದಾರಿಗೇ ಕೈ ಹಾಕಿದರು. ಥಂಡರ್ 125–93ರಿಂದ ಗೆದ್ದಿತು.

ಆ ಸೀಸನ್‌ನಲ್ಲಿ 68 ಗೆಲುವು, ಕೊನೆಗೆ ಇಂಡಿಯಾನಾವನ್ನು ಏಳು ಪಂದ್ಯಗಳ ಫೈನಲ್ಸ್‌ನಲ್ಲಿ ಮಣಿಸಿ ಕಪ್. ಶೇ ಲೀಗ್‌ನ ಅತ್ಯುತ್ತಮ ಆಟಗಾರ. ಆ ಜುಲೈನಲ್ಲೇ ಶೇ, ವಿಲಿಯಮ್ಸ್, ಹೋಮ್‌ಗ್ರೆನ್ ಮೂವರಿಗೂ ಭಾರಿ ಮೊತ್ತದ ಹೊಸ ಒಪ್ಪಂದಗಳಾದವು. ಎನ್‌ಬಿಎಯಲ್ಲಿ ಸಂಬಳಕ್ಕೆ ಮಿತಿ ಇದೆ, ದಾಟಿದಷ್ಟೂ ದಂಡ ಮತ್ತು ನಿರ್ಬಂಧ. ಮೂವರನ್ನು ಉಳಿಸಿಕೊಳ್ಳಬೇಕಾದರೆ ಜೊತೆಗೆ ಬೆಳೆದ ಇನ್ನು ಕೆಲವರನ್ನು ಬಿಟ್ಟುಕೊಡಬೇಕಾಗಬಹುದು. ಯಾರನ್ನು, ಯಾವಾಗ ಅನ್ನುವುದನ್ನು ಪ್ರೆಸ್ಟಿ ತೀರ್ಮಾನಿಸಬೇಕು. 2019ರ ನಿರ್ಧಾರಕ್ಕಿಂತ ಇದು ಕಷ್ಟ ಅಂತಲೇ ನನಗನ್ನಿಸುತ್ತದೆ.

ನಮಸ್ಕಾರ.